ಎರಡನೇ ಐಎಸ್‌ಒ ಮುದ್ರೆ ಬೇಕಿತ್ತಾ?

ಆಫೀಸ್ ಫೈಲ್‌ಗಳಿಗೆ ಒಡಿಎಫ್ ಎಂಬ ಫಾರ್ಮ್ಯಾಟ್ ಇದೆ. ಓಪನ್ ಆಫೀಸ್ ಎಂಬ ಉಚಿತ ಆಫೀಸ್ ಪ್ರೋಗ್ರಾಂನ ಫೈಲ್‌ಗಳಿಂದ ಬೆಳೆದದ್ದು. ಸನ್, ಐಬಿಎಂ ಕಂಪನಿಗಳು ಅದರ ಬೆನ್ನಿಗಿದ್ದವು. 2006ರಲ್ಲಿ ಅದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಯಿತು, ಸಂಖ್ಯೆ 26300. ಎರಡೇ ವರ್ಷದಲ್ಲಿ ಮೈಕ್ರೋಸಾಫ್ಟ್‌ನ ಓಓಎಕ್ಸ್‌ಎಂಎಲ್‌ಗೂ, ಅಂದರೆ ನಾವು ದಿನವೂ ಕಾಣುವ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ಗಳ ಫಾರ್ಮ್ಯಾಟ್‌ಗೂ, 29500 ಎಂಬ ಸಂಖ್ಯೆ ಸಿಕ್ಕಿತು. ಒಂದೇ ಕೆಲಸಕ್ಕೆ ಎರಡು ಮಾನದಂಡ. ಇದು ಸರಿನಾ? ಎರಡೂ ಕಡೆಯ ವಾದ ನಾನೇ ಬರೆದಿದ್ದೇನೆ. ಯಾವ ಕಡೆ ಜಾಸ್ತಿ ವಾಲಿದ್ದೇನೆ ಎಂಬುದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಕೊಟ್ಟದ್ದು ಸರಿ

ಎಕ್ಸೆಲ್‌ನ ಒಂದು ಖಾಲಿ ಸೆಲ್‌ನಲ್ಲಿ 60 ಎಂದು ಟೈಪ್ ಮಾಡಿ. ಅದನ್ನು ದಿನಾಂಕವಾಗಿ ಬದಲಿಸಿ. 1900ರ ಫೆಬ್ರವರಿ 29 ಎಂದು ಬರುತ್ತದೆ. ಅಂಥ ದಿನವೇ ಇರಲಿಲ್ಲ, 1900 ಅಧಿಕ ವರ್ಷ ಅಲ್ಲವಲ್ಲ! ತಪ್ಪು ಮೊದಲು ಮಾಡಿದ್ದು ಲೋಟಸ್ 1-2-3 ಎಂಬ ಹಳೇ ಸ್ಪ್ರೆಡ್‌ಶೀಟ್ ಪ್ರೋಗ್ರಾಂ. ಲೋಟಸ್ ಬಳಸುವವರ ಹಾಳೆಗಳು ತನ್ನಲ್ಲೂ ಸರಿಯಾಗಿ ತೆರೆಯಲಿ ಎಂದು ಎಕ್ಸೆಲ್ ಆ ತಪ್ಪನ್ನೂ ಹಾಗೇ ತಂದುಕೊಂಡಿತು. ಅಲ್ಲಿಂದ ಅದು ಓಓಎಕ್ಸ್‌ಎಂಎಲ್‌ಗೂ ಬಂತು.

ಒಡಿಎಫ್ ಕಡೆಯವರು ಇದನ್ನು ತೋರಿಸಿ ನಕ್ಕರು. ನಗಲಿ. ಆದರೆ ವರ್ಷಗಟ್ಟಲೆ ಕೂಡಿಟ್ಟ ಲೆಕ್ಕದ ಹಾಳೆಗಳು ಇರುವುದೇ ಹೀಗೆ. ಅವುಗಳಲ್ಲಿ ಏನಿದೆಯೋ ಅದನ್ನೇ ಬರೆದಿಡುವ ಫಾರ್ಮ್ಯಾಟ್ ಒಂದು ಬೇಕೇ ಬೇಕು. ಹೊಸ ಮನೆ ಕಟ್ಟುವವನಿಗೆ ನೇರ ಗೋಡೆ ಎಬ್ಬಿಸುವುದು ಸುಲಭ. ಹಳೇ ಮನೆಯ ನಕ್ಷೆ ಬರೆಯುವವನು ಸೊಟ್ಟ ಗೋಡೆಯನ್ನು ಸೊಟ್ಟಗೇ ತೋರಿಸಬೇಕು.

ಇನ್ನು ಒಡಿಎಫ್ ಅಷ್ಟು ಪೂರ್ತಿಯಾಗಿತ್ತಾ? ಐಎಸ್‌ಒ ಒಪ್ಪಿದ ಮೊದಲ ಒಡಿಎಫ್‌ನಲ್ಲಿ ಸ್ಪ್ರೆಡ್‌ಶೀಟ್ ಫಾರ್ಮುಲಾವನ್ನು ಹೇಗೆ ಬರೆಯಬೇಕು ಎಂಬ ನಿಯಮವೇ ಇರಲಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಫಾರ್ಮುಲಾ ಬಿಟ್ಟರೆ ಇನ್ನೇನು ಉಳಿಯಿತು? 2009ರಲ್ಲಿ ಮೈಕ್ರೋಸಾಫ್ಟ್ ಆಫೀಸ್ 2007ಕ್ಕೆ ಒಡಿಎಫ್ ತೆರೆಯುವ ಸೌಲಭ್ಯ ಕೊಟ್ಟಿತು. ಆಗ ಬೇರೆ ಪ್ರೋಗ್ರಾಂಗಳಲ್ಲಿ ಮಾಡಿದ ಹಾಳೆ ತೆರೆದರೆ ಫಾರ್ಮುಲಾಗಳು ಮಾಯ, ಬರೀ ಅಂಕಿ ಉಳಿಯುತ್ತಿತ್ತು. ಬೇಕಂತಲೇ ಹಾಗೆ ಮಾಡಿದರು ಎಂದು ಬೈದವರು ಬಹಳ ಮಂದಿ. ಇರಬಹುದು. ಆದರೆ ಬಾಗಿಲು ತೆರೆದಿಟ್ಟದ್ದು ಒಡಿಎಫ್‌ನವರೇ. ಆ ನಿಯಮ ಬಂದದ್ದು 2011ರ 1.2 ಆವೃತ್ತಿಯಲ್ಲಿ.

ಮುದ್ರೆಯ ಆಸೆಯಿಂದ ಆದ ಲಾಭವೂ ಇದೆ. ಹಳೆಯ ಡಾಕ್ ಫೈಲ್ ಹೊರಗಿನವರಿಗೆ ಬೀಗ ಹಾಕಿದ ಪೆಟ್ಟಿಗೆ. ಒಳಗೆ ಏನಿದೆ ಎಂದು ಊಹಿಸಿಯೇ ಉಳಿದವರು ಪ್ರೋಗ್ರಾಂ ಬರೆಯಬೇಕಿತ್ತು. ಡಾಕ್ಸ್ ಹಾಗಲ್ಲ. ಅದರ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. ವರ್ಡ್ ಎಂಬ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್. ನೀವು ಬರೆದ ಮಾತು ಟ್ಯಾಗ್‌ಗಳ ನಡುವೆ ಓದಲು ಸಿಗುತ್ತದೆ. ಐಎಸ್‌ಒ ಸದಸ್ಯ ದೇಶಗಳ 2007ರ ಸೆಪ್ಟೆಂಬರ್ ಮತದಾನದಲ್ಲಿ ಓಓಎಕ್ಸ್‌ಎಂಎಲ್ ಸೋತಿತು. ದೇಶದೇಶಗಳಿಂದ ಬಂದ ಸಾವಿರಾರು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಯಿತು. ಮುದ್ರೆ ಬೇಡ ಎಂದಿದ್ದರೆ ಆ ಉತ್ತರಗಳು ಹುಟ್ಟುತ್ತಲೇ ಇರಲಿಲ್ಲ.

ಅಂದ ಹಾಗೆ, ಬೇರೆ ಕಂಪ್ಯೂಟರ್‌ನಲ್ಲಿ ಸಾಲುಗಳು ಕದಲಿದಾಗ ಎಲ್ಲರೂ ಫಾರ್ಮ್ಯಾಟ್‌ಗೇ ಬೈಯುತ್ತಾರೆ. ಎಷ್ಟೋ ಸಲ ಅಲ್ಲಿ ಕ್ಯಾಲಿಬ್ರಿ ಫಾಂಟ್ ಇರುವುದಿಲ್ಲ, ಅಷ್ಟೇ.

ವಿರೋಧ: ಬೇಕಿರಲಿಲ್ಲ

ಮೊದಲು ಆ 60ರ ಕಥೆ ಮುಗಿಸೋಣ. ಓಪನ್ ಆಫೀಸ್‌ನಿಂದ ಕವಲೊಡೆದ ಲಿಬ್ರೆ ಆಫೀಸ್‌ನ ಸ್ಪ್ರೆಡ್‌ಶೀಟ್ ಕ್ಯಾಲ್ಕ್‌ನಲ್ಲಿ ಅದನ್ನೇ ಹಾಕಿ. ಫೆಬ್ರವರಿ 28 ಬರುತ್ತದೆ. ಈಗ 61 ಹಾಕಿ. ಎರಡರಲ್ಲೂ ಮಾರ್ಚ್ 1. ಕ್ಯಾಲ್ಕ್ ಮಾಡಿದ್ದು ಇಷ್ಟೇ, ಎಣಿಕೆಯ ಸೊನ್ನೆಯನ್ನು ಒಂದು ದಿನ ಹಿಂದಕ್ಕೆ, 1899ರ ಡಿಸೆಂಬರ್ 30ಕ್ಕೆ ಸರಿಸಿತು. ಹಳೇ ಹಾಳೆಗಳಲ್ಲಿ 1900ರ ಮೊದಲ ಎರಡು ತಿಂಗಳು ಬಿಟ್ಟು ಯಾವ ದಿನಾಂಕವೂ ಅಲುಗಾಡುವುದಿಲ್ಲ. ಸೊಟ್ಟ ಗೋಡೆಯನ್ನು ಸೊಟ್ಟಗೇ ಬರೆಯುವುದು ಬಿಟ್ಟು ಬೇರೆ ದಾರಿ ಇತ್ತು ಎಂದಾಯಿತು.

ಓಓಎಕ್ಸ್‌ಎಂಎಲ್‌ನ ವಿವರವನ್ನು ಆರು ಸಾವಿರ ಪುಟಗಳಷ್ಟು ಬರೆದುಕೊಟ್ಟರು ಎಂದು ಹೊಗಳುತ್ತಾರೆ. ಒಳಗೆ ಏನಿತ್ತು? ಮಾನದಂಡ ರೂಪಿಸುವ ಎಕ್ಮಾ ಎಂಬ ಸಂಸ್ಥೆ ಐಎಸ್‌ಒಗೆ ಕಳಿಸಿದ ಕರಡಿನಲ್ಲಿ 'ಆಟೋಸ್ಪೇಸ್‌ಲೈಕ್‌ವರ್ಡ್95' ಎಂಬ ಟ್ಯಾಗ್ ಇತ್ತು. ಅಕ್ಷರಗಳ ನಡುವೆ ವರ್ಡ್ 95 ಹೇಗೆ ಜಾಗ ಬಿಡುತ್ತಿತ್ತೋ ಹಾಗೆ ಬಿಡಿ ಎಂದು ಅದರ ಅರ್ಥ. ವರ್ಡ್ 95 ಹೇಗೆ ಬಿಡುತ್ತಿತ್ತು? ಅದನ್ನು ಬರೆದಿರಲಿಲ್ಲ. ಅಜ್ಜಿ ಮಾಡುತ್ತಿದ್ದ ಹಾಗೆ ಮಾಡಿ ಎಂದು ಅಡುಗೆ ಪುಸ್ತಕದಲ್ಲಿ ಬರೆದ ಹಾಗೆ. ಆಕ್ಷೇಪ ಬಂದ ಮೇಲೆ ವಿವರಣೆ ಸೇರಿಸಿದರು, ನಿಜ. ಆದರೆ ಕೇಳುವ ತನಕ ಬರೆಯದವರ ಕರಡನ್ನು ಅವಸರದ ದಾರಿಯಲ್ಲಿ ಪಾಸು ಮಾಡಿಸುವ ತುರ್ತು ಏನಿತ್ತು?

ಅವಸರ ಅಂದರೆ ಎಂಥದ್ದು! 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸಭೆ. ಐದು ದಿನ, ತೀರ್ಮಾನಿಸಬೇಕಾದ ಉತ್ತರಗಳು 1,027. ಬಹುಪಾಲು ಚರ್ಚೆಗೇ ಬರಲಿಲ್ಲ, ಒಟ್ಟಿಗೆ ಮತಕ್ಕೆ ಹೋದವು. ಹಿಂದಿನ ವರ್ಷ ಸ್ವೀಡನ್‌ನಲ್ಲಿ ಒಬ್ಬ ಸದಸ್ಯರಿಂದ ಒಂದಕ್ಕಿಂತ ಜಾಸ್ತಿ ಮತ ಬಿದ್ದಿದೆ ಎಂದು ಆ ದೇಶದ ತೀರ್ಮಾನವೇ ರದ್ದಾಗಿತ್ತು. ಕೊನೆಗೆ ಮುದ್ರೆ ಕೊಡುವ ತೀರ್ಮಾನದ ವಿರುದ್ಧ ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಮೇಲ್ಮನವಿ ಹಾಕಿದವು. ತಳ್ಳಿಹಾಕಿದರು.

ಫಾರ್ಮುಲಾ ವಿಷಯದಲ್ಲಿ ಒಡಿಎಫ್ ತಪ್ಪಿತ್ತು, ಒಪ್ಪುತ್ತೇನೆ. ಅದಕ್ಕೆ ಮದ್ದು ಒಡಿಎಫ್‌ಗೆ ಆ ನಿಯಮ ಬೇಗ ಸೇರಿಸುವುದಾಗಿತ್ತು. ಒಡಿಎಫ್ ರೂಪಿಸುವ ಸಮಿತಿಯ ಬಾಗಿಲು ಮೈಕ್ರೋಸಾಫ್ಟ್‌ಗೂ ತೆರೆದಿತ್ತು.

ನನಗೆ ಇವೆಲ್ಲಕ್ಕಿಂತ ಚುಚ್ಚುವ ವಿಷಯ ಬೇರೆ. ಮುದ್ರೆ ಸಿಗುವಾಗ ಓಓಎಕ್ಸ್‌ಎಂಎಲ್ ಫಾರ್ಮ್ಯಾಟ್ ಅನ್ನು ಎರಡು ಮಾಡಿದರು. ಒಂದರ ಹೆಸರು ಟ್ರಾನ್ಸಿಷನಲ್, ಹಳೆಯ ಫೈಲ್‌ಗಳ ಕಸವನ್ನೆಲ್ಲ ಹೊತ್ತು ದಾಟಿಸಲು. ಇನ್ನೊಂದು ಸ್ಟ್ರಿಕ್ಟ್, ಇನ್ನು ಮುಂದೆ ಬರೆಯುವುದಕ್ಕೆ. ಒಳ್ಳೆಯ ರಾಜಿ. ಈ ಮಾತಿನ ಮೇಲೆ ಮನಸ್ಸು ಬದಲಿಸಿದ ದೇಶಗಳೂ ಇದ್ದಿರಬೇಕು. ಆದರೆ ಆಫೀಸ್ 2010 ಸ್ಟ್ರಿಕ್ಟ್ ಫೈಲ್ ಓದುತ್ತಿತ್ತು, ಬರೆಯುತ್ತಿರಲಿಲ್ಲ. ಬರೆಯುವುದು 2013ರಲ್ಲಿ ಬಂತು, ಅದೂ ನಾವಾಗಿ ಕೇಳಿದರೆ ಮಾತ್ರ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು? ಸುಮ್ನೆ ಸೇವ್ ಒತ್ತಿದರೆ ಇಂದಿಗೂ ಸಿಗುವುದು ಟ್ರಾನ್ಸಿಷನಲ್ಲೇ.

ನಂಬಿಕೆ ಬರದಿದ್ದರೆ ವರ್ಡ್‌ನಲ್ಲಿ ಸೇವ್ ಆ್ಯಸ್ ತೆರೆದು ಆ ಉದ್ದ ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋಗಿ. ಸ್ಟ್ರಿಕ್ಟ್ ಓಪನ್ ಎಕ್ಸ್‌ಎಂಎಲ್ ಎಂಬ ಸಾಲು ಸಿಗುತ್ತದೆ. ಓಡಿಟಿಯೂ, ಅಂದರೆ ಒಡಿಎಫ್‌ನ ಬರಹದ ಫೈಲೂ, ಅದೇ ಪಟ್ಟಿಯಲ್ಲಿದೆ. ಓಡಿಟಿ ಆರಿಸುವವರನ್ನು ನಾನು ಆಗೀಗ ನೋಡಿದ್ದೇನೆ. ಸ್ಟ್ರಿಕ್ಟ್ ಆರಿಸಿದವರನ್ನು ಇನ್ನೂ ನೋಡಿಲ್ಲ.