ಪಕ್ಷ ಕೇಳಬಾರದು, ಮನೆದೇವರು ಯಾವುದು ಅಂತ ಕೇಳಬಹುದು

ಬಾಡಿಗೆ ಮನೆ ನೋಡಲು ಹೋದರೆ ಮಾಲೀಕರು ಕೂರಿಸಿ ಕಾಫಿ ಕೊಡುತ್ತಾರೆ. ‘ಜಾತಿ ಗೀತಿ ಎಲ್ಲ ನಾವು ನೋಡಲ್ಲಪ್ಪ’ ಅನ್ನುತ್ತಾರೆ. ಲೋಟ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಮಾತು ಬರುತ್ತದೆ. ‘ಅಂದ ಹಾಗೆ, ನಿಮ್ಮ ಮನೆದೇವರು ಯಾವುದು?’

ಇದನ್ನೇ ಸರ್ಕಾರಿ ಖರ್ಚಿನಲ್ಲಿ ಮಾಡಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ-ಡೇಡ್ ಕೌಂಟಿಗೆ ಹೋಗಬೇಕು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. 27 ಲಕ್ಷ ಜನ. ಒಳಗಿರುವ 34 ಊರುಗಳಿಗೆ ಅವರವರದೇ ಸ್ಥಳೀಯ ಆಡಳಿತ ಬೇರೆ. ಇಡೀ ಕೌಂಟಿಗೆ ಒಬ್ಬ ಮೇಯರ್. ವಿಮಾನ ನಿಲ್ದಾಣ, ಬಂದರು, ಬಸ್ಸು, ನೀರು, ಕಸ ಎಲ್ಲವೂ ಆ ಕುರ್ಚಿಯ ಕೆಳಗೆ. 2020ರ ಸುಮಾರಿಗೆ ಬಜೆಟ್ಟೇ 900 ಕೋಟಿ ಡಾಲರ್ ಹತ್ತಿರ ಇತ್ತು. ಇಷ್ಟು ದಪ್ಪ ಕುರ್ಚಿಗೆ ನಡೆಯುವ ಚುನಾವಣೆ ಪಕ್ಷರಹಿತ! ಮತಪತ್ರ ಇಂಗ್ಲಿಷ್, ಸ್ಪ್ಯಾನಿಷ್, ಹೈಟಿಯನ್ ಕ್ರಿಯೋಲ್ ಅಂತ ಮೂರು ಭಾಷೆಯಲ್ಲಿ ಇರುತ್ತದೆ. ಮೇಯರ್ ಅಭ್ಯರ್ಥಿಗಳ ಪಕ್ಷ ಮಾತ್ರ ಮೂರರಲ್ಲೂ ಇರುವುದಿಲ್ಲ.

ಕಸ ಎತ್ತುವುದಕ್ಕೆ ಪಕ್ಷ ಯಾಕೆ ಅನ್ನುವುದು ಇದರ ಹಿಂದಿನ ವಾದ. ಒಳ್ಳೆಯ ವಾದವೇ. ಕಸಕ್ಕಂತೂ ಪಕ್ಷ ಇಲ್ಲ.

ನನ್ನ ಭಾವಮೈದುನ ಅಲ್ಲಿನ ಕೆಂಡಾಲ್‌ನಲ್ಲಿದ್ದಾನೆ. ಕೆಂಡಾಲ್‌ಗೆ ಸ್ವಂತ ಪುರಸಭೆ ಇಲ್ಲ, ತಾಯಿ ತಂದೆ ಎಲ್ಲ ಕೌಂಟಿಯೇ. ಪೌರತ್ವ ಬಂದಾಗ ಮತದಾರರ ಅರ್ಜಿಯಲ್ಲಿ ‘ಯಾವ ಪಕ್ಷ’ ಅನ್ನುವ ಜಾಗದಲ್ಲಿ ‘ಯಾವುದೂ ಇಲ್ಲ’ ಅಂತ ಬರೆದಿದ್ದ. ಸಂಭಾವಿತ. 2020ರ ಆಗಸ್ಟ್ 18ರಂದು ಓಟು ಹಾಕಿ ಬಂದು ಫೋನ್ ಮಾಡಿದ.

‘ಭಾವ, ಇಲ್ಲಿ ಮೂರು ಥರದ ಮತಪತ್ರ ಇಟ್ಟಿದ್ದಾರೆ. ಡೆಮಾಕ್ರಟ್‌ಗೆ ಒಂದು, ರಿಪಬ್ಲಿಕನ್‌ಗೆ ಒಂದು, ನನ್ನಂಥ ಅನಾಥರಿಗೆ ಒಂದು.’

‘ಮೇಯರ್ ಚುನಾವಣೆಗೆ ಪಕ್ಷ ಇಲ್ಲ ಅಂದೆಯಲ್ಲ?’

‘ಅಭ್ಯರ್ಥಿಗೆ ಇಲ್ಲ ಭಾವ. ಮತದಾರನಿಗೆ ಇದೆ.’

ಸುಮ್ನೆ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ. ಪಕ್ಷಗಳು ತಮ್ಮ ಅಭ್ಯರ್ಥಿ ಆರಿಸುವ ಪ್ರೈಮರಿಯೂ ಅದೇ ದಿನ, ಪಕ್ಷರಹಿತ ಮೇಯರ್ ಚುನಾವಣೆಯೂ ಅದೇ ದಿನ. ಫ್ಲಾರಿಡಾದ ಪ್ರೈಮರಿಯಲ್ಲಿ ಆಯಾ ಪಕ್ಷದಲ್ಲಿ ನೋಂದಾಯಿಸಿದವರು ಮಾತ್ರ ಓಟು ಹಾಕಬಹುದು. ಹಾಗಾಗಿ ಮೊದಲು ನಿಮ್ಮ ಪಕ್ಷ ಯಾವುದು ನೋಡುತ್ತಾರೆ. ಆಮೇಲೆ ಅದಕ್ಕೆ ತಕ್ಕ ಕಾಗದ ಕೊಡುತ್ತಾರೆ. ಆ ಕಾಗದದಲ್ಲಿ ಪಕ್ಷವೇ ಇಲ್ಲದ ಮೇಯರನ್ನು ಆರಿಸಿ ಅನ್ನುತ್ತಾರೆ.

ಇನ್ನು ಈ ರನ್‌ಆಫ್. ಚಲಾವಣೆಯಾದ ಓಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರಲಿಲ್ಲ ಅಂದರೆ ಮೊದಲ ಇಬ್ಬರನ್ನು ಉಳಿಸಿಕೊಂಡು ಇನ್ನೊಂದು ಸುತ್ತು. ಶೇ 30 ಓಟು ತಗೊಂಡು ಗೆದ್ದು ಪಟಾಕಿ ಹೊಡೆಯುವ ನಮ್ಮ ಕಡೆಯವರು ಇದನ್ನು ಕೇಳಿದರೆ ಹೆದರಿಕೊಂಡಾರು. ವ್ಯವಸ್ಥೆ ನ್ಯಾಯವಾದದ್ದೇ. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡಿರಬೇಕು. 2011ರಲ್ಲಿ ಏನಾಯಿತು ನೋಡಿ. ಮೇಯರ್ ಕಾರ್ಲೋಸ್ ಆಲ್ವರೇಸ್ ಆಸ್ತಿ ತೆರಿಗೆ ದರ ಏರಿಸಿ, ತಮ್ಮ ಕಚೇರಿಯವರ ಸಂಬಳವನ್ನೂ ಏರಿಸಿದರು. ಜನ ಮಾರ್ಚ್ 15ಕ್ಕೆ ಹೋಗಿ ಅವರನ್ನು ಕುರ್ಚಿಯಿಂದ ಇಳಿಸಿ ಬಂದರು. ಇಳಿಯಲಿ ಅಂದವರು ಶೇ 88. (ಈ ಅಭಿಯಾನಕ್ಕೆ ದುಡ್ಡು ಹಾಕಿದ್ದು ಕಾರು ಮಾರುವ ಕೋಟ್ಯಧಿಪತಿ. ಪಕ್ಷ ಇಲ್ಲದಿದ್ದರೆ ಏನು, ಶೋರೂಮ್ ಇದೆಯಲ್ಲ.) ಮೇ 24ಕ್ಕೆ ಮತ್ತೆ ಹೋದರು, ಯಾರಿಗೂ ಅರ್ಧ ದಾಟಲಿಲ್ಲ. ಜೂನ್ 28ಕ್ಕೆ ಮೂರನೇ ಸಲ. ಮೇ ತಿಂಗಳಲ್ಲಿ ಮುಂದಿದ್ದ ಹೂಲಿಯೋ ರೊಬೈನಾ ಜೂನ್‌ನಲ್ಲಿ ಹಿಂದೆ ಬಿದ್ದು, ಕಾರ್ಲೋಸ್ ಹಿಮೆನೆಸ್ ಮೇಯರ್ ಆದರು. ನಾಲ್ಕು ತಿಂಗಳೊಳಗೆ ಒಂದೇ ಕುರ್ಚಿಗೆ ಮೂರು ಸಲ ಕ್ಯೂ. ನಮ್ಮೂರ ರೇಷನ್ ಅಂಗಡಿಗೇ ಇಷ್ಟು ಸಲ ಅಲೆಸುವುದಿಲ್ಲ. ಅಲೆಸುತ್ತಾರೆ, ಇರಲಿ.

2016ರಲ್ಲಿ ಅದೇ ಹಿಮೆನೆಸ್‌ಗೆ ಆಗಸ್ಟ್‌ನಲ್ಲಿ ಶೇ 48ರ ಹತ್ತಿರ ಬಂದು ನಿಂತಿತು. ನವೆಂಬರ್‌ನಲ್ಲಿ ಮತ್ತೆ ಓಟ. ಎದುರಾಳಿ ರಾಕೆಲ್ ರೆಗಲಾಡೊ. ಇಬ್ಬರೂ ರಿಪಬ್ಲಿಕನ್ನರು. ಅಂದರೆ ಮನೆದೇವರು ಒಂದೇ, ಜಗಳ ಹರಕೆಯದು. ಆಕೆಯ ತಂದೆ ಆಗ ಮಯಾಮಿ ನಗರದ ಮೇಯರ್. 2020ರಲ್ಲಿ ನಿಂತಿದ್ದ ಝೇವಿಯರ್ ಸ್ವಾರೇಸ್ ಅವರದು ಉಲ್ಟಾ, ಅವರ ಮಗ ಆಗ ಮಯಾಮಿ ನಗರದ ಮೇಯರ್. ಮತಪತ್ರದಿಂದ ಪಕ್ಷ ತೆಗೆಯಬಹುದು, ಅಪ್ಪನನ್ನು ತೆಗೆಯುವುದು ಹೇಗೆ?

2020ಕ್ಕೆ ಬರೋಣ, ರಸ ಇರುವುದು ಅಲ್ಲೇ. ಆಗಸ್ಟ್‌ನಲ್ಲಿ ಆರು ಜನ. ಸ್ಟೀವ್ ಬೋವೋ ಮೊದಲು, ಒಂದು ಪರ್ಸೆಂಟೂ ಅಂತರವಿಲ್ಲದೆ ಡ್ಯಾನಿಯೆಲಾ ಲೆವೈನ್ ಕಾವಾ ಎರಡನೆಯವರು. ಇಬ್ಬರೂ ಶೇ 30ರ ಒಳಗೆ. ಬೋವೋ ಹಿಂದೆ ರಾಜ್ಯದ ಶಾಸನಸಭೆಯಲ್ಲಿ ರಿಪಬ್ಲಿಕನ್ ಸದಸ್ಯರಾಗಿದ್ದವರು. ಲೆವೈನ್ ಕಾವಾ ಡೆಮಾಕ್ರಟ್. ಇದು ಕೌಂಟಿಯ ಬೀದಿನಾಯಿಗೂ ಗೊತ್ತು. ಗೊತ್ತಿಲ್ಲದ್ದು ಮತಪತ್ರಕ್ಕೆ ಒಂದಕ್ಕೇ.

ರನ್‌ಆಫ್ ಇಟ್ಟಿದ್ದು ಯಾವತ್ತು? ನವೆಂಬರ್ 3. ಟ್ರಂಪ್ ಮತ್ತು ಬೈಡನ್ ಸೆಣಸಿದ ದಿನ. ಪಕ್ಷದ ಜ್ವರ ನೂರಾನಾಲ್ಕು ಡಿಗ್ರಿ ಇರುವ ದಿನವೇ ಪಕ್ಷವಿಲ್ಲದ ಚುನಾವಣೆ. ಬೀಗರ ಊಟದ ಮನೆಯಲ್ಲಿ ಉಪವಾಸ ಕೂತ ಹಾಗೆ. ಒಂದೇ ಮತಪತ್ರ. ಮೇಲೆ ಅಧ್ಯಕ್ಷರ ಹೆಸರಿನ ಪಕ್ಕ ಪಕ್ಷ, ಕೆಳಗೆ ಮೇಯರ್ ಹೆಸರಿನ ಪಕ್ಕ ಬೋಳು. ಅವಧಿ ಮುಗಿಸಿ ಹೊರಟಿದ್ದ ಪಕ್ಷರಹಿತ ಮೇಯರ್ ಹಿಮೆನೆಸ್ ಸಾಹೇಬರೂ ಅವತ್ತೇ ಸಂಸತ್ತಿಗೆ ನಿಂತಿದ್ದರು. ಅವರ ಹೆಸರಿನ ಮುಂದೆ ರಿಪಬ್ಲಿಕನ್ ಅಂತ ಅಚ್ಚಾಗಿತ್ತು. ಒಂಬತ್ತು ವರ್ಷ ಗೂಟಕ್ಕೆ ನೇತುಹಾಕಿದ್ದ ಅಂಗಿಯನ್ನು ಕೊಡವಿ ಹಾಕಿಕೊಂಡರು. ಅಳತೆ ಸರಿಯಾಗಿತ್ತು, ಗೆದ್ದರು.

ಓಟು ಎಣಿಸಿದರು. ಕೌಂಟಿಯಲ್ಲಿ ಬೈಡನ್‌ಗೆ ಶೇ 53, ಟ್ರಂಪ್‌ಗೆ ಶೇ 46. ಪಕ್ಷದ ವಾಸನೆಯೂ ಸೋಕದ ಮೇಯರ್ ಚುನಾವಣೆಯಲ್ಲಿ ಲೆವೈನ್ ಕಾವಾಗೆ ಶೇ 54, ಬೋವೋಗೆ ಶೇ 46. ಪಕ್ಕದವನ ಉತ್ತರ ನೋಡಿ ಬರೆದ ಹುಡುಗ ಅಪ್ಪಿತಪ್ಪಿ ಒಂದು ಮಾರ್ಕ್ಸ್ ಜಾಸ್ತಿ ತಗೊಂಡ ಹಾಗಿದೆ, ಅಲ್ವಾ? ಕೌಂಟಿಗೆ ಮೊದಲ ಮಹಿಳಾ ಮೇಯರ್ ಸಿಕ್ಕರು, ಅದು ಸಂತೋಷವೇ. 2024ರ ಆಗಸ್ಟ್‌ನಲ್ಲಿ ಅವರೇ ಒಂದೇ ಸುತ್ತಿನಲ್ಲಿ ಗೆದ್ದು ಜನರ ಒಂದು ಕ್ಯೂ ಉಳಿಸಿದರು.

ಇದನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ ಬಿಡಿ. ಅದೇ 2020ರ ಡಿಸೆಂಬರ್‌ನಲ್ಲಿ ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಕಾನೂನಿನ ಪ್ರಕಾರ ಅದೂ ಪಕ್ಷರಹಿತ. ಪಕ್ಷದ ಚಿಹ್ನೆ ಇಲ್ಲ, ಆಟೋರಿಕ್ಷಾನೋ ಹೊಲಿಗೆ ಯಂತ್ರವೋ ಏನೋ ಒಂದು. ಎಣಿಕೆ ಮುಗಿಯುವ ಮೊದಲೇ ಎಲ್ಲ ಪಕ್ಷಗಳೂ ‘ನಮ್ಮ ಬೆಂಬಲಿತರೇ ಜಾಸ್ತಿ’ ಅಂತ ಲೆಕ್ಕ ಕೊಟ್ಟವು. ಆ ‘ಬೆಂಬಲಿತ’ ಅನ್ನುವ ಪದ ಕಂಡುಹಿಡಿದ ಪುಣ್ಯಾತ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು. ಮಯಾಮಿಯವರಿಗೆ ಈ ಪದ ಸಿಕ್ಕಿಲ್ಲ, ಪಾಪ, ಅದಕ್ಕೇ ಒದ್ದಾಡುತ್ತಿದ್ದಾರೆ.

ಕಳೆದ ವಾರ ಭಾವಮೈದುನ ಇನ್ನೊಂದು ವಿಷಯ ಹೇಳಿದ. ರಾಜ್ಯದ ಸಂವಿಧಾನ ತಿದ್ದುಪಡಿಯಿಂದ ಕೌಂಟಿಯ ಪೊಲೀಸು ಮೇಯರ್ ಕೈ ಬಿಟ್ಟುಹೋಗಿದೆಯಂತೆ. ಈಗ ಶೆರಿಫ್, ಅಂದರೆ ಕೌಂಟಿ ಪೊಲೀಸರ ಮುಖ್ಯಸ್ಥರು, ಬೇರೆ. ಅವರನ್ನು ಜನ 2024ರಲ್ಲಿ ಪಕ್ಷದ ಮೇಲೆ ಆರಿಸಿದರು. ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿಯೂ ಪಕ್ಷದ ಮೇಲೆ. ಗೆದ್ದವರು ಯಾರು ಗೊತ್ತಾ? ಆ ರಾಕೆಲ್ ರೆಗಲಾಡೊ ಅವರ ಅಪ್ಪ.

‘ಸರಿ, ಚುನಾವಣೆ ನಡೆಸೋ ಅಧಿಕಾರಿ?’ ಅಂತ ಕೇಳಿದೆ.

‘ಅವರೂ ಈಗ ಚುನಾಯಿತರೇ ಭಾವ. ರಿಪಬ್ಲಿಕನ್ ಪಕ್ಷದಿಂದ ನಿಂತು ಗೆದ್ದಿದ್ದಾರೆ.’

‘ಅಂದರೆ 2028ರಲ್ಲಿ ಪಕ್ಷರಹಿತ ಮೇಯರ್ ಚುನಾವಣೆ ನಡೆಸೋದು ಪಕ್ಷದ ಮೇಲೆ ಗೆದ್ದ ಅಧಿಕಾರಿ?’

‘ಹೂಂ.’ ಒಂದು ಕ್ಷಣ ಸುಮ್ಮನಾದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ. ‘ಭಾವ, ಅಷ್ಟರಲ್ಲಿ ನಾನೂ ಯಾವುದಾದರೂ ಒಂದು ಪಕ್ಷ ಸೇರಿಕೊಂಡುಬಿಡಲಾ? ಪಕ್ಷವಿಲ್ಲದ ಚುನಾವಣೆಯಲ್ಲಿ ಓಟು ಹಾಕೋಕೆ ಮುಜುಗರ ಆಗುತ್ತೆ, ಮೂರನೇ ಥರದ ಕಾಗದ ಹಿಡಿದು ನಿಂತರೆ ಎಲ್ಲ ಒಂಥರಾ ನೋಡ್ತಾರೆ.’