ಅಮ್ಮ ಮೂಸಿದ ವೈನು

ಅಮ್ಮ ಗ್ಲಾಸು ಮೂಸಿದಳು. ಕುಡಿಯಲಿಲ್ಲ, ಸುಮ್ನೆ ಮೂಸಿದಳು ಅಷ್ಟೇ. ತಕ್ಷಣ ಮುಖ ಹಿಂದಕ್ಕೆ ಎಳೆದುಕೊಂಡು, "ಏನೋ ಇದು, ಸೀಮೆಎಣ್ಣೆ ವಾಸನೆ ಹೊಡೀತಿದೆಯಲ್ಲೋ!" ಅಂದಳು.

ಮೇಜಿನ ಸುತ್ತ ಏಳು ಜನ ಇದ್ದೆವು. ಏನಂದರು ಅಂತ ಎಲ್ಲರೂ ನನ್ನ ಮುಖ ನೋಡಿದರು. ನನಗೋ ನಾಚಿಕೆ. ಆ ಬಾಟಲಿ ತಂದವನು ನನ್ನ ಆಫೀಸಿನ ಗೆಳೆಯ. ಜರ್ಮನಿಯ ಮೋಸೆಲ್ ನದಿ ಕಣಿವೆಯ 2001ರ ರೀಸ್ಲಿಂಗ್, ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನು. ಅವನಪ್ಪ ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಾಪಾಡಿ ಇಟ್ಟಿದ್ದಂತೆ. ಅದಕ್ಕೆ ಹೋಗಿ ಸೀಮೆಎಣ್ಣೆ ಅನ್ನೋದಾ? "ಚೆನ್ನಾಗಿದೆಯಂತೆ" ಅಂತ ತೇಲಿಸಿಬಿಡೋಣ ಅಂದುಕೊಂಡೆ. ಆಮೇಲೆ ಏನನ್ನಿಸಿತೋ, ಇದ್ದದ್ದನ್ನು ಇದ್ದ ಹಾಗೇ ಜರ್ಮನ್‌ನಲ್ಲಿ ಹೇಳಿಬಿಟ್ಟೆ. ಎಲ್ಲರೂ ಒಂದು ಸಲ ಸುಮ್ಮನಾದರು. ಮರುಕ್ಷಣ ಚಪ್ಪಾಳೆ.

ಹಳೆಯ ರೀಸ್ಲಿಂಗಿನ ಗುರುತೇ ಆ ವಾಸನೆಯಂತೆ. ಇಲ್ಲಿ ಅದಕ್ಕೆ 'ಪೆಟ್ರೋಲ್‌ನೋಟೆ' ಅನ್ನುತ್ತಾರೆ. ಜರ್ಮನ್‌ನಲ್ಲಿ ಪೆಟ್ರೋಲಿಯುಮ್ ಅಂದರೆ ಸೀಮೆಎಣ್ಣೆಯೇ, ಗಾಡಿಗೆ ಹಾಕುವ ಪೆಟ್ರೋಲಿಗೆ ಬೇರೆ ಹೆಸರು. ಬಿಸಿಲು ಚೆನ್ನಾಗಿ ಬಿದ್ದ ದ್ರಾಕ್ಷಿಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಅಂಶ ಒಡೆದು, ಬಾಟಲಿಯಲ್ಲಿ ವರ್ಷಗಟ್ಟಲೆ ಕೂತು, ಟಿಡಿಎನ್ ಅನ್ನುವ ವಸ್ತುವಾಗುತ್ತದೆ. ವಾಸನೆ ಅದರದ್ದು. ಇದನ್ನು ಗುರುತಿಸೋದಕ್ಕೆ ಜನ ದುಡ್ಡು ಕೊಟ್ಟು ಕೋರ್ಸು ಮಾಡುತ್ತಾರೆ. ದೊಡ್ಡಬಳ್ಳಾಪುರದ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸ್ಟೋವಿಗೆ ಪಿನ್ನು ಹಾಕಿ ಪಂಪು ಹೊಡೆದವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಇವಳು ನನ್ನ ಫ್ರಿಜ್ಜಿನ ಬಾಗಿಲಲ್ಲಿ ಬಾಟಲಿ ನೋಡಿ, "ಯಾರಾದ್ರೂ ಬಂದ್ರೆ ಕಾಣತ್ತೆ, ಒಳಗಿಡೋ" ಅಂದ ಅಮ್ಮನೇ. ಬಂದು ಮೂರು ವಾರ ಆಗಿತ್ತು.

ನಾನಿರೋದು ಮೈಂಟ್ಸ್‌ನಲ್ಲಿ, ರೈನ್ ನದಿಯ ದಡದ ಊರು. ಇದಕ್ಕೆ ಅಂಟಿಕೊಂಡ ರೈನ್‌ಹೆಸ್ಸೆನ್ ಜರ್ಮನಿಯ ಅತಿ ದೊಡ್ಡ ವೈನ್ ಸೀಮೆ. ಬಸ್ಸು ಹತ್ತಿ ಸ್ವಲ್ಪ ದೂರ ಹೋದರೆ ದ್ರಾಕ್ಷಿ ಸಾಲುಗಳು ಶುರು. ಬೆಳೆಗಾರರು ವರ್ಷಕ್ಕೆ ನಾಲ್ಕು ತಿಂಗಳವರೆಗೆ ತಮ್ಮ ಅಂಗಳದಲ್ಲೇ ಬೆಂಚು ಹಾಕಿ, ತಾವು ಮಾಡಿದ ವೈನು, ಬ್ರೆಡ್ಡು, ಚೀಸು ಮಾರಬಹುದು. ಬಾಗಿಲಿಗೆ ಒಂದು ಪೊರಕೆಯನ್ನೋ ಸೊಪ್ಪಿನ ಹಾರವನ್ನೋ ತೂಗುಹಾಕಿದ್ದರೆ ಇವತ್ತು ಅಂಗಡಿ ತೆರೆದಿದೆ ಅಂತ ಅರ್ಥ. ಅಲ್ಲಿ ಅಜ್ಜಿಯರು, ಮೊಮ್ಮಕ್ಕಳು, ನಾಯಿ ಎಲ್ಲರೂ ಒಂದೇ ಮೇಜಿಗೆ. ಅಜ್ಜಿ ಕೈಲಿ ವೈನು, ಮಗು ಕೈಲಿ ದ್ರಾಕ್ಷಿ ಜ್ಯೂಸು. ಇದನ್ನು ಮೊದಲ ಸಲ ನೋಡಿದಾಗ ನನಗೆ ಕಸಿವಿಸಿ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನನ್ನನ್ನು ಮೊದಲು ಚುಚ್ಚಿದ್ದೂ ಒಬ್ಬ ಅಜ್ಜಿಯೇ. ಗೆಳೆಯನ ತಾಯಿ, ಎಲ್ಲರೂ ಅವರನ್ನು ಓಮಾ ಅಂತಲೇ ಕರೆಯೋದು. ಅವರ ಮನೆಯ ಮೊದಲ ಊಟದಲ್ಲಿ ಒಂದು ಗುಟುಕು ಕುಡಿದು ನಾನು "ಚೆನ್ನಾಗಿದೆ" ಅಂದೆ. ಓಮಾ, "ಚೆನ್ನಾಗಿದೆ ಅಂದರೆ ಏನು?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿ ತಿಳಿಯೋದಕ್ಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಯಲ್ಲಿ ಇದ್ದದ್ದು ಹುಳಿಯೋ, ಸಿಹಿಯೋ, ಒಗರೋ, ಒಂದೂ ಹೇಳಲಾಗಲಿಲ್ಲ. ಇಂಜಿನಿಯರಿಂಗ್ ವೈವಾದಲ್ಲಿ ನಿಂತ ಹಾಗೆ ನಿಂತಿದ್ದೆ.

ಆದರೆ ನಾವು ರುಚಿ ಗೊತ್ತಿಲ್ಲದ ಜನ ಅಲ್ಲ, ಅಲ್ವಾ? ನಮ್ಮಪ್ಪ ಕಾಫಿಯ ಮೊದಲ ಗುಟುಕಿಗೇ "ಈ ಸಲ ಚಿಕೋರಿ ಜಾಸ್ತಿ ಹಾಕಿದ್ದಾನೆ" ಅನ್ನುತ್ತಾರೆ. ಸಾರು ಕುದಿಯುವ ವಾಸನೆ ನಡುಮನೆಗೆ ಬಂದರೆ ಸಾಕು, ಅಮ್ಮ ಕೂತಲ್ಲಿಂದಲೇ "ಉಪ್ಪು ಹಾಕಿಲ್ಲ ನೋಡು" ಅನ್ನುತ್ತಾಳೆ. ಬಾದಾಮಿಯೋ ರಸಪುರಿಯೋ ಅಂತ ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಒಂದಿಡೀ ಬೇಸಿಗೆ ಜಗಳ ಆಡಿದ್ದಾರೆ. ಇಷ್ಟು ನಾಲಿಗೆ ಇರುವ ನಾವು ಬಾಟಲಿ ಕಂಡ ಕೂಡಲೇ ಯಾಕೆ ಮೂಗರಾಗುತ್ತೇವೆ?

ನನಗೆ ಕಂಡ ಕಾರಣ ಒಂದೇ. ಕರಿ ಕವರು.

ಹೋದ ಸಲ ಬೆಂಗಳೂರಿಗೆ ಬಂದಾಗ ಮೈಂಟ್ಸ್‌ನ ಗೆಳೆಯರಿಗೆ ನಮ್ಮ ಕಡೆಯ ವೈನು ಒಯ್ಯೋಣ ಅಂತ ಅಂಗಡಿಗೆ ಹೋದೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ವೈನ್ಸ್'. "ವೈನ್ ಇದೆಯಾ?" ಅಂದರೆ ಹುಡುಗ, "ಯಾವುದು ಸಾರ್, ವಿಸ್ಕಿನಾ ರಮ್ಮಾ?" ಅಂತ ಕೇಳಿದ. ಕಡೆಗೆ ಮೇಲಿನ ಶೆಲ್ಫಿನಿಂದ, ಟ್ಯೂಬ್‌ಲೈಟಿನ ಪಕ್ಕದಿಂದ, ಧೂಳು ಹಿಡಿದ ಒಂದು ಬಾಟಲಿ ತೆಗೆದ. ನೇರ ನಿಲ್ಲಿಸಿದ್ದು, ಮುಟ್ಟಿದರೆ ಬೆಚ್ಚಗಿತ್ತು. ಹಳೇ ಪೇಪರಿನಲ್ಲಿ ಸುತ್ತಿದ. ಕರಿ ಕವರಿಗೆ ಹಾಕಿ ಬಾಯಿ ಗಂಟು ಕಟ್ಟಿದ. ಪಕ್ಕದಲ್ಲಿ ಒಬ್ಬರು ನಿಂತಲ್ಲೇ ಟೆಟ್ರಾ ಪ್ಯಾಕಿನ ನೈಂಟಿಯನ್ನು ಎರಡೇ ಗುಟುಕಿಗೆ ಮುಗಿಸಿ, ಮುಖ ಹಿಂಡಿ, ಒಂದು ಚಿಟಿಕೆ ಉಪ್ಪಿನಕಾಯಿ ನೆಕ್ಕಿ ಹೊರಟರು. ಅವರ ಬಾಯಿಗೆ ರುಚಿ ತಾಕಬಾರದು ಅನ್ನುವುದೇ ಆ ಉಪ್ಪಿನಕಾಯಿಯ ಕೆಲಸ.

ಗೆಳೆಯರ ಪಾರ್ಟಿ ಇನ್ನೊಂದು ಥರ. ಗಂಡಸರು ಟೆರೇಸಿನ ಮೇಲೆ, ಹೆಂಗಸರು ಮಕ್ಕಳು ಕೆಳಗೆ ಟಿವಿ ಮುಂದೆ. ಪ್ಲಾಸ್ಟಿಕ್ ಲೋಟ, ಮಸಾಲೆ ಕಡಲೆಬೀಜ, ಕಬಾಬು. ಊಟ ಹನ್ನೆರಡಕ್ಕೆ, ಅಷ್ಟರಲ್ಲಿ ಬಿರಿಯಾನಿ ಆರಿ ಕಲ್ಲಾಗಿರುತ್ತದೆ. ಇಷ್ಟು ವರ್ಷದಲ್ಲಿ ಆ ಟೆರೇಸಿನ ಮೇಲೆ ಯಾರೂ "ಹೇಗಿದೆ?" ಅಂತ ಕೇಳಿದ್ದು ನಾನು ಕೇಳಿಲ್ಲ. ಕೇಳೋದು ಒಂದೇ ಪ್ರಶ್ನೆ, "ಏರಿತಾ?" ಇಳಿಯುವಾಗ ಎಲ್ಲರ ಬಾಯಲ್ಲೂ ಏಲಕ್ಕಿ.

ಬಚ್ಚಿಟ್ಟು ಕುಡಿಯುವವನಿಗೆ ಬೇಗ ಮುಗಿಸಬೇಕು. ಬೇಗ ಮುಗಿಸುವವನಿಗೆ ರುಚಿ ಕಟ್ಟಿಕೊಂಡು ಏನಾಗಬೇಕು?

ಇನ್ನೂ ನಗು ಬರೋದು ಬೇರೆ ವಿಷಯಕ್ಕೆ. ನಮ್ಮೂರಿನಿಂದ ನಂದಿಬೆಟ್ಟದ ಕಡೆಗೆ ಸೈಕಲ್ಲು ತುಳಿಯುವಷ್ಟು ದೂರದಲ್ಲೇ ಗ್ರೋವರ್ ಅವರ ದ್ರಾಕ್ಷಿ ತೋಟ ಇದೆ. ಬೋರ್ಡೋ ಸೀಮೆಯ ಮಿಶೆಲ್ ರೋಲಾಂ, ವೈನಿನ ಲೋಕದಲ್ಲಿ ದೊಡ್ಡ ಹೆಸರು, 1990ರ ದಶಕದಲ್ಲೇ ಅವರಿಗೆ ಸಲಹೆಗಾರರಾದರು. ಫ್ರಾನ್ಸಿನಿಂದ ಅವರು ಬಂದರು, ನಾನು ಸೈಕಲ್ಲಿನಲ್ಲೂ ಹೋಗಲಿಲ್ಲ. ನಮಗೆ ಗೊತ್ತಿದ್ದ ದ್ರಾಕ್ಷಿ ಬೆಂಗಳೂರು ಬ್ಲೂ. ಚಪ್ಪರದ ಕೆಳಗೆ ನಿಂತು, ದಪ್ಪ ಸಿಪ್ಪೆ ಹಿಂಡಿ ತಿರುಳು ಬಾಯಿಗೆ ಚಿಮ್ಮಿಸಿ, ಬೀಜ ಯಾರು ಜಾಸ್ತಿ ದೂರ ಉಗುಳುತ್ತಾರೆ ಅಂತ ಪಂದ್ಯ.

ಈಗ ಆ ರಾತ್ರಿಯ ಊಟಕ್ಕೆ ಬರುತ್ತೇನೆ. ಅಮ್ಮ ಬಿಸಿಬೇಳೆಭಾತ್ ಮಾಡಿದ್ದಳು. ಪುಡಿ ಊರಿನಿಂದಲೇ ತಂದದ್ದು, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಮರಾಠಿ ಮೊಗ್ಗು, ಕೊಬ್ಬರಿ ಎಲ್ಲ ಹಾಕಿ. ಜೊತೆಗೆ ಹಪ್ಪಳ, ಬೂಂದಿ, ಸೌತೆಕಾಯಿ ಮೊಸರುಬಜ್ಜಿ. ಗೆಳೆಯರು ಒಬ್ಬೊಬ್ಬರು ಒಂದೊಂದು ಬಾಟಲಿ ತಂದಿದ್ದರು. ಹೆಸರು ಕಾಣಬಾರದು ಅಂತ ಎಲ್ಲಕ್ಕೂ ಉಣ್ಣೆಯ ಕಾಲುಚೀಲ ತೊಡಿಸಿದ್ದರು. (ಒಗೆದದ್ದು, ಕೇಳಿ ಖಾತ್ರಿ ಮಾಡಿಕೊಂಡೆ.) ಇವರೂ ಮುಚ್ಚುತ್ತಾರೆ, ಆದರೆ ಹೆಸರು ನೋಡಿ ನಾಲಿಗೆ ಮೋಸ ಹೋಗದಿರಲಿ ಅಂತ ಮುಚ್ಚೋದು.

ಮೊದಲನೇ ಕಾಲುಚೀಲದಲ್ಲಿ ಸಿಲ್ವಾನರ್ ಅನ್ನುವ ಬಿಳಿ ವೈನು. ಬಿಳಿ ಶತಾವರಿ (ಆಸ್ಪರಾಗಸ್ ತರಕಾರಿ) ಕಾಲದಲ್ಲಿ, ಅಂದರೆ ಜೂನ್ 24ರವರೆಗೆ, ಇಲ್ಲಿ ಪ್ರತಿ ಮನೆಯಲ್ಲೂ ಅದೇ ರಾಜ. ನಮ್ಮ ಹುಣಸೆಹಣ್ಣಿನ ಮುಂದೆ ನೀರಾಯಿತು. ಎರಡನೆಯದು ಬೋರ್ಡೋ ಕೆಂಪು. ಅದು ಕೆಟ್ಟೇ ಹೋಯಿತು. ಕೆಂಪು ವೈನಿನಲ್ಲಿ ಟ್ಯಾನಿನ್ ಇರುತ್ತದೆ. ನಾಲಿಗೆ ಹಿಡಿದುಕೊಳ್ಳುವ ಆ ಗುಣಕ್ಕೆ ನಮ್ಮಲ್ಲಿ ಒಗರು ಅನ್ನುವ ಚೊಕ್ಕ ಮಾತಿದೆ, ನೇರಳೆಹಣ್ಣು ತಿಂದವರಿಗೆ ವಿವರಿಸಬೇಕಾಗಿಲ್ಲ. ಆ ಒಗರು, ಹದಿನಾಲ್ಕು ಪರ್ಸೆಂಟ್ ಆಲ್ಕೋಹಾಲು, ಬ್ಯಾಡಗಿ ಖಾರ ಮೂರೂ ಸೇರಿದರೆ ಬಾಯಿ ಉರಿ, ಮೇಲೆ ಕಹಿ. ಗೆಳೆಯನ ಹೆಂಡತಿ ಗ್ಲಾಸು ಬಿಟ್ಟು ಮೊಸರುಬಜ್ಜಿಗೆ ಕೈ ಹಾಕಿದಳು.

ಮೂರನೆಯದು ರೀಸ್ಲಿಂಗ್ ಕಾಬಿನೆಟ್, ಅಂದರೆ ರೀಸ್ಲಿಂಗಿನಲ್ಲೇ ಹಗುರವಾದ ಬಗೆ. ಎಂಟೋ ಒಂಬತ್ತೋ ಪರ್ಸೆಂಟು, ಹುಳಿ ಮುಂದೆ, ಹಿಂದೆ ಸಣ್ಣ ಸಿಹಿ. ಒಂದು ತುತ್ತು ಬಿಸಿಬೇಳೆಭಾತ್, ಒಂದು ಗುಟುಕು. ಖಾರ ಕೂತಿತು, ಸಿಹಿ ಅಡಗಿತು, ತುಪ್ಪದ ಜಿಡ್ಡನ್ನು ಹುಳಿ ತೊಳೆದು ಬಾಯಿ ಮತ್ತೆ ಹೊಸದಾಯಿತು. ಇನ್ನೊಂದು ತುತ್ತು ತಾನಾಗೇ ಬೇಕು ಅನ್ನಿಸಿತು. ಯಾಕೆ ಹೀಗೆ ಅಂತ ಅವರೆಲ್ಲ ಚರ್ಚೆಗೆ ಕೂತರು. ಅಮ್ಮನಿಗೆ ನಾನು ವಿಷಯ ಹೇಳಿದೆ. ಅವಳು, "ಅದರಲ್ಲೇನಿದೆ, ಚೌಚೌ ಭಾತ್ ಅಲ್ವೇನೋ" ಅಂದಳು. ಖಾರಾಭಾತ್ ಪಕ್ಕ ಕೇಸರಿಭಾತ್. ದರ್ಶಿನಿಗಳಲ್ಲಿ ಒಂದೇ ಪ್ಲೇಟಿನಲ್ಲಿ ದಿನಾ ಬೆಳಗ್ಗೆ ಕೊಡೋದು ಇದನ್ನೇ. ಓಮಾ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಮೊಸರನ್ನಕ್ಕೆ ಮಾತ್ರ ಯಾವ ಬಾಟಲಿಯೂ ಒಗ್ಗಲಿಲ್ಲ. ಐದನ್ನೂ ಹಚ್ಚಿ ನೋಡಿ ಸೋತರು. "ಅದಕ್ಕೆ ಉಪ್ಪಿನಕಾಯಿ ಸಾಕು" ಅಂತ ಅಮ್ಮ ತೀರ್ಪು ಕೊಟ್ಟಳು.

ಏಳಕ್ಕೆ ಕೂತವರು ಹನ್ನೊಂದೂವರೆಗೆ ಎದ್ದೆವು. ಆರು ಜನ ಕುಡಿದರೂ ಐದು ಬಾಟಲಿಯಲ್ಲಿ ಎರಡೂವರೆ ಹಾಗೇ ಮಿಕ್ಕಿತ್ತು. ನಮ್ಮ ಟೆರೇಸಿನ ಮೇಲೆ ಯಾವತ್ತಾದರೂ ಏನಾದರೂ ಮಿಕ್ಕಿದ್ದುಂಟಾ? ಇವರಂತೆ ನಾವೂ ಬಾಟಲಿಯನ್ನು ಊಟದ ಮೇಜಿನ ನಡುವೆ, ಅಮ್ಮ ಅಪ್ಪನ ಕಣ್ಣ ಮುಂದೆ ಇಟ್ಟಿದ್ದರೆ ಅರ್ಧ ಕುಡುಕತನ ತಾನೇ ಕಮ್ಮಿ ಆಗುತ್ತಿತ್ತು. ಇದು ನನ್ನ ಹಳೆಯ ವಾದ, ಅವತ್ತು ರಾತ್ರಿಯೂ ಪಾತ್ರೆ ತೊಳೆಯುವಾಗ ಶುರು ಮಾಡಿದೆ.

ಅಮ್ಮ ತಟ್ಟೆ ಒರೆಸುತ್ತಿದ್ದಳು. ನನಗಲ್ಲ, ಓಮಾಗೆ ಹೇಳು ಅಂತ ಶುರು ಮಾಡಿದಳು. ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಸಾರಾಯಿ ಪ್ಯಾಕೆಟ್ಟಿಗೆ ಎರಡು ಎಕರೆ ಕಳೆದದ್ದು. ಅತ್ತಿಗೆ ತಾಳಿ ಅಡವಿಟ್ಟು ಮಕ್ಕಳ ಫೀಸು ಕಟ್ಟಿದ್ದು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅತ್ತಿಗೆ ಬೀದಿಗೆಲ್ಲ ಸಕ್ಕರೆ ಹಂಚಿದ್ದು. (ಕರ್ನಾಟಕದ ವೈನ್ ನೀತಿ ಬಂದದ್ದೂ ಅದೇ ವರ್ಷ ಅನ್ನೋದು ನನ್ನ ತಲೆಗೆ ಬಂತು, ಬಾಯಿಗೆ ತರಲಿಲ್ಲ.) "ಬಾಟಲಿ ಕಂಡ್ರೆ ಒಳಗಿಡು ಅನ್ನೋದು ನಾಚಿಕೆಗಲ್ಲ ಕಣೋ" ಅಂದಳು. ಅಷ್ಟನ್ನೂ ಅನುವಾದ ಮಾಡಿದೆ.

ಓಮಾ ನಲ್ಲಿ ನಿಲ್ಲಿಸಿದರು. ತಮ್ಮ ಗಂಡನೂ ಕುಡಿದೇ ಹೋದದ್ದು ಅಂದರು. ಬೆಳಗಿನ ಹತ್ತಕ್ಕೆ ಮೊದಲ ಗ್ಲಾಸು. ಬಚ್ಚಿಟ್ಟಲ್ಲ, ಇದೇ ಥರ ಮೇಜಿನ ಮೇಲೆ, ಎಲ್ಲರ ಎದುರಿಗೆ. ಇದು ವೈನಿನ ಊರು, ಗ್ಲಾಸು ಹಿಡಿದವನನ್ನು ಇಲ್ಲಿ ಯಾರು ಕೇಳುತ್ತಾರೆ? ಡಾಕ್ಟರು ಹೇಳುವವರೆಗೆ ಮನೆಯವರಿಗೂ ಅದು ಕಂಡಿರಲಿಲ್ಲವಂತೆ. ಆ 2001ರ ಬಾಟಲಿ ಅವರು ಇಟ್ಟು ಹೋದದ್ದರಲ್ಲಿ ಒಂದು. ನನ್ನ ಗೆಳೆಯ ಅದನ್ನು ಯಾವತ್ತೂ ಹೇಳಿರಲಿಲ್ಲ.

ಹಾಗೆ ನೋಡಿದರೆ 'ನಾವು' ಅಂತ ನಾನು ಇಡೀ ಕರ್ನಾಟಕವನ್ನು ಎಳೆದದ್ದೂ ತಪ್ಪೇ. ಕೊಡವರು ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವಾಗ ಮದ್ಯವನ್ನೂ ಇಡುತ್ತಾರೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನನ್ನು ಕೇಕಿನ ಜೊತೆ ಬಂದವರಿಗೆಲ್ಲ ಕೊಡುತ್ತಾರೆ. ಕರಿ ಕವರು ನಮ್ಮ ಬೀದಿಯದ್ದು. ಇರಲಿ, ನಮ್ಮ ಬೀದಿಯೂ ಸಣ್ಣದೇನಲ್ಲ.

ಅಮ್ಮನನ್ನು ಬಿಡೋದಕ್ಕೆ ನಾನೂ ಊರಿಗೆ ಬಂದೆ. ಅಪ್ಪ ಮೂಸಿ ನೋಡಲಿ, ಸೀಮೆಎಣ್ಣೆ ಅನ್ನುತ್ತಾರೋ ನೋಡೋಣ ಅಂತ ಒಂದು ಹಳೆಯ ರೀಸ್ಲಿಂಗ್ ತಂದಿದ್ದೆ, ಪಂಚೆಯಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ. ಬೆಂಗಳೂರಿನಲ್ಲಿ ಒಂದು ರಾತ್ರಿ ತಮ್ಮನ ಮನೆಯಲ್ಲಿದ್ದು, ಬೆಳಗ್ಗೆ ದೊಡ್ಡಬಳ್ಳಾಪುರಕ್ಕೆ ಕ್ಯಾಬು. ಸೂಟ್‌ಕೇಸು ಭಾರ ಅಂತ ಬಾಟಲಿಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದೆ. ಕ್ಯಾಬು ನಮ್ಮ ಬೀದಿಗೆ ತಿರುಗಿತು. ಎದುರುಮನೆಯ ಶಾರದಮ್ಮನವರು ಬಾಗಿಲ ಮುಂದೆ ರಂಗೋಲಿ ಬಿಡುತ್ತಾ ತಲೆ ಎತ್ತಿದರು. ಅಮ್ಮ ಏನೂ ಅನ್ನಲಿಲ್ಲ. ನಾನೇ ಡ್ರೈವರ್ ಹತ್ತಿರ ಒಂದು ಕವರು ಇಸಕೊಂಡೆ.