ಕಸದ ಡಬ್ಬಿಗೆ ಕಾವಲು

ಸಿಡ್ನಿಗೆ ಬಂದ ಮೂರನೇ ಬೆಳಗ್ಗೆ ಮಗಳ ಮನೆಯ ಬಾಲ್ಕನಿ ಕಟಕಟೆ ಮೇಲೆ ಕೋಳಿಯಷ್ಟು ದಪ್ಪದ ಬಿಳಿ ಹಕ್ಕಿ ಕೂತಿತ್ತು. ‘ನೋಡೇ, ಬಿಳಿ ಗಿಣಿ!’ ಅಂತ ಹೆಂಡತಿಯನ್ನು ಕರೆದೆ. ಅದು ಬಾಯಿ ಬಿಟ್ಟಿತು. ಎಣ್ಣೆ ಕಾಣದ ಗಿರಣಿಯ ಕಿರುಚಾಟ. ಕೈಲಿದ್ದ ಕಾಫಿ ಪಂಚೆಗೆ ಅರ್ಪಣೆಯಾಯಿತು.

‘ಕಾಕಟೂ, ತಾತ’ ಎಂದ ಮೊಮ್ಮಗ. ಮಾರನೇ ದಿನ ಪಾರ್ಕಿನಲ್ಲಿ ಹುಲ್ಲು ಕೆದಕುತ್ತಿದ್ದ ಬಿಳಿ ಹಕ್ಕಿಗಳ ಫೋಟೊ ತೆಗೆದು, ‘ನಮ್ಮ ಬಾಲ್ಕನಿಯವನ ಬಳಗ’ ಅಂತ ವಾಟ್ಸಾಪ್ ಗುಂಪಿಗೆ ಹಾಕಿದೆ. ಅವು ಕೊರೆಲ್ಲಾಗಳಂತೆ. ಕಾಕಟೂ ವಂಶವೇ, ಆದರೆ ದಾಯಾದಿಗಳು: ಗಾತ್ರ ಚಿಕ್ಕದು, ಜುಟ್ಟು ಮೋಟು, ಕಣ್ಣಿನ ಸುತ್ತ ನೀಲಿ, ಕೊಕ್ಕು ಬಿಳಿಚು. ನಮ್ಮವನದು ಕರಿ ಕೊಕ್ಕು, ನಿಂಬೆ ಹಳದಿ ಜುಟ್ಟು. ಗಂಡಿನ ಕಣ್ಣು ಕಪ್ಪು, ಹೆಣ್ಣಿನದು ಕೆಂಗಂದು ಎಂದು ಓದಿ, ಕನ್ನಡಕ ಏರಿಸಿಕೊಂಡು ಹತ್ತಿರ ಹೋದೆ. ಜುಟ್ಟು ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಲಿಂಗನಿರ್ಣಯ ಅಲ್ಲಿಗೇ ಬಿಟ್ಟೆ.

ಅಸಲಿ ಪಾಠ ಕಸದ ದಿನ. ಬೆಳಗ್ಗೆ ಎದ್ದರೆ ರಸ್ತೆ ತುಂಬ ಕಸ, ಅದರಲ್ಲಿ ಜಗಿದ ನುಗ್ಗೆಕಾಯಿ ಸಿಪ್ಪೆ. ಯಾರ ಮನೆಯದೆಂದು ಆ ಬೀದಿಯಲ್ಲಿ ಕೇಳಬೇಕಾಗಿಯೇ ಇಲ್ಲ! ಮುಂದಿನ ವಾರ ಕಿಟಕಿಯಲ್ಲಿ ಕಾವಲು ಕೂತೆ. ಬಂದವನು ಕೊಕ್ಕಿನಿಂದ ಮುಚ್ಚಳದ ಅಂಚು ಎತ್ತಿದ, ಕಚ್ಚಿ ಹಿಡಿದೇ ಡಬ್ಬಿಯ ಕಂಠದ ಮೇಲೆ ಹಿಂದಕ್ಕೆ ನಡೆದ, ದಢಾರನೆ ಮಗುಚಿದ. ಪಕ್ಕದ ತಂತಿಯ ಮೇಲೆ ಇನ್ನಿಬ್ಬರು ನೋಡುತ್ತಿದ್ದರು. ಒಂದನ್ನೊಂದು ನೋಡಿಯೇ ಕಲಿಯುತ್ತವಂತೆ. 2018ಕ್ಕೆ ಮೊದಲು ಮೂರು ಬಡಾವಣೆಗಳಲ್ಲಿದ್ದ ಈ ವಿದ್ಯೆ 2019ರ ಕೊನೆಗೆ 44ಕ್ಕೆ ಹಬ್ಬಿತ್ತೆಂದು ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ. ನಮ್ಮೂರಲ್ಲಿ ಟ್ಯೂಷನ್ನಿಗೆ ದುಡ್ಡು ಕಟ್ಟಿದರೂ ಇಷ್ಟು ಬೇಗ ಬರುವುದಿಲ್ಲ.

ಇಟ್ಟಿಗೆ ಹೇರಿದೆ. ಹಣೆಯಲ್ಲಿ ದಬ್ಬಿ ಬೀಳಿಸಿದ. ಕೊನೆಗೆ ಹಾಸಿಗೆ ಸುತ್ತುವ ಹಗ್ಗದಲ್ಲಿ ಡಬ್ಬಿಯನ್ನೇ ಬಿಗಿದು, ಮೂರು ಗಂಟು ಹಾಕಿ ನೆಮ್ಮದಿಯಾಗಿ ಮಲಗಿದೆ. ಬೆಳಗ್ಗೆ ಲಾರಿಯ ಕಬ್ಬಿಣದ ಕೈ ಡಬ್ಬಿಯನ್ನೆತ್ತಿ ತಲೆಕೆಳಗು ಮಾಡಿತು, ಎರಡು ಸಲ ಕೊಡವಿತು, ಹಾಗೇ ಇಳಿಸಿ ಹೊರಟುಹೋಯಿತು.

‘ಅಪ್ಪಾ, ಮುಚ್ಚಳ ತಾನಾಗೇ ತೆರ್ಕೋಬೇಕು. ಕಟ್ಟಿಬಿಟ್ರೆ ಹೇಗೆ?’ ಅಂದಳು ಮಗಳು. ಅವತ್ತಿನಿಂದ ಒಂದು ವಾರ, ಮೀನು ತಿನ್ನದ ನಮ್ಮ ಮನೆಯಲ್ಲೂ ಮೀನುಪೇಟೆಯ ವಾಸನೆ.

ಮುಚ್ಚಳದ ಹಿಂಬದಿ ಸಂದಿಗೆ ಹಳೇ ಶೂ ತುರುಕಿದರೆ ಅದು ಪೂರ್ತಿ ಮಗುಚುವುದಿಲ್ಲವೆಂದು ಎದುರುಮನೆಯಾಕೆ ತೋರಿಸಿಕೊಟ್ಟರು. ನಾನು ಊರಿಂದ ತಂದದ್ದು ಒಂದೇ ಜೊತೆ. ಹಾಗಾಗಿ ಕಸದ ದಿನ ಲಾರಿ ಬಂದು ಹೋಗುವವರೆಗೆ ನನಗೆ ವಾಕಿಂಗ್ ಇಲ್ಲ.